ಒಂದೇ ಸಲ ಹೇಳುವ ಹೆಸರು

ನಮ್ಮ ಊರಿನ ಹೆಸರು ಹೇಳಲು ಬರುವುದಿಲ್ಲ. ಗೊತ್ತಿಲ್ಲ ಎಂದಲ್ಲ. ಚೆನ್ನಾಗಿ ಗೊತ್ತಿದೆ, ಆದರೆ ಬಾಯಿ ತೆರೆದರೆ ಬರೀ ಉಸಿರು ಬರುತ್ತದೆ. ಬರೆದು ತೋರಿಸೋಣವೆಂದರೆ ಶಾಯಿ ಒಣಗುವಷ್ಟರಲ್ಲಿ ಅಕ್ಷರ ಇರುವುದಿಲ್ಲ. ಸರ್ಕಾರ ಯಾವ ಹೆಸರನ್ನು ಗೆಜೆಟ್ಟಿನಿಂದ ತೆಗೆಯುತ್ತದೋ ಅದು ನಮ್ಮ ಬಾಯಿಂದಲೂ ಹೋಗುತ್ತದೆ. ಬೇರೆ ಕಡೆ ಸರ್ಕಾರದ ಆದೇಶ ಜಾರಿಯಾಗಲು ವರ್ಷಗಟ್ಟಲೆ ಬೇಕಂತೆ. ನಮ್ಮಲ್ಲಿ ಇದೊಂದು ಮಾತ್ರ ನಿಂತ ಕಾಲಲ್ಲೇ ಜಾರಿ. ನಲ್ಲಿಗೆ ನೀರು ಬಿಡಬೇಕೆಂಬ ಆದೇಶ ಇನ್ನೂ ದಾರಿಯಲ್ಲಿದೆ. ಹಾಗಾಗಿ ಇಲ್ಲಿ ಎಲ್ಲಿ —— ಇಂಥ ಗೆರೆ ಕಂಡರೂ ಒಂದು ಉಸಿರು ಬಿಟ್ಟು ಮುಂದಕ್ಕೆ ಓದಿಕೊಳ್ಳಿ. ನಾವೂ ಹಾಗೆಯೇ ಬದುಕುತ್ತಿದ್ದೇವೆ.

ಹೆಸರು ಮೊದಲು ಸರ್ಕಾರದ್ದೇನೂ ಆಗಿರಲಿಲ್ಲ. ಗುಡ್ಡದ ಮೇಲೆ ಮಲಗಿರುವ ಒಬ್ಬ ಅಜ್ಜನದು ಅದು. ಕೆಲವರು ಅವನಿಗೆ ಕಾಯಿ ಒಡೆಸುತ್ತಾರೆ, ಕೆಲವರು ಸಕ್ಕರೆ ಇಟ್ಟು ಫಾತಿಹಾ ಓದಿಸುತ್ತಾರೆ. ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆಲ್ಲ ಅವನ ಹೆಸರೇ. ಗಂಡಾದರೆ ——ಪ್ಪ, ಹೆಣ್ಣಾದರೆ ——ವ್ವ, ಆ ಕಡೆಯ ಓಣಿಯಲ್ಲಾದರೆ ——ಸಾಬ. ಒಂದೇ ಮನೆಯಲ್ಲಿ ಇಬ್ಬರು ಹುಟ್ಟಿದರೆ ದೊಡ್ಡ ——ಪ್ಪ, ಸಣ್ಣ ——ಪ್ಪ. ಬೀದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತು. ಅಷ್ಟು ಚೆಂದ ಇದ್ದದ್ದನ್ನು ಬಿಡುತ್ತಾರೆಯೇ? ನಮ್ಮ ಅಜ್ಜಂದಿರ ಕಾಲದಲ್ಲಿ ಒಂದು ಪುರಸಭೆ, ಅದನ್ನು ಕಂಡರಾಗದ ಒಂದಷ್ಟು ಗುಡ್ಡದ ಹಳ್ಳಿ, ಆ ಹಳ್ಳಿಗಳನ್ನು ಕಂಡರಾಗದ ಒಂದಷ್ಟು ಬಯಲ ಹಳ್ಳಿ ಎಲ್ಲವನ್ನೂ ಒಂದು ಗಂಟು ಕಟ್ಟಿ ತಾಲ್ಲೂಕು ಮಾಡಿದರು. ಗಂಟಿಗೆ ಹೆಸರು ಬೇಕಾಗಿತ್ತು. ಅಜ್ಜನ ಹೆಸರು ಕೇಳಿದರು. ನಮ್ಮ ಹಿರಿಯರು ಮಂತ್ರಿಗೆ ಹಾರ ಹಾಕಿ, ಬಾಜಾ ಬಜಂತ್ರಿಯೊಂದಿಗೆ ಕೊಟ್ಟರು. ಕೊಟ್ಟದ್ದು ಗೆಜೆಟ್ಟಿನಲ್ಲಿ ಅಚ್ಚಾಯಿತು. ಅಚ್ಚಾದ ಮೇಲೆ ಅದು ಯಾರದ್ದು ಎಂದು ಕೇಳುವ ಬುದ್ಧಿ ಆ ಹಾರ ಹಾಕಿದವರಲ್ಲಿ ಒಬ್ಬರಿಗೂ ಬರಲಿಲ್ಲ.

ತಾಲ್ಲೂಕು ಇಪ್ಪತ್ತು ಚಿಲ್ಲರೆ ವರ್ಷ ಬಾಳಿತು. ಆ ಹೊತ್ತಿಗೆ ಗುಡ್ಡದವರೂ ಬಯಲಿನವರೂ ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರು ತಂದುಕೊಂಡು, ಒಂದೇ ಕಚೇರಿಯ ಕಟ್ಟೆಯ ಮೇಲೆ ಕೂತು ಒಂದೇ ಗುಮಾಸ್ತನನ್ನು ಬೈಯುವಷ್ಟು ಹತ್ತಿರವಾಗಿದ್ದರು. ಜನ ಒಂದಾಗಿದ್ದು ಮೇಲಿನವರಿಗೆ ಹೇಗೋ ಗೊತ್ತಾಗಿರಬೇಕು. ಆಡಳಿತ ಸುಧಾರಣೆ ಎಂದು ತಾಲ್ಲೂಕನ್ನು ರದ್ದು ಮಾಡಿ, ಹೆಸರನ್ನು ಗೆಜೆಟ್ಟಿನಿಂದ ತೆಗೆದರು. ಮಾರುಕಟ್ಟೆಯ ಗಟಾರವೇ ಗಡಿ. ಗಟಾರದ ಈಚೆಯದು ಮೂಡಣ ಜಿಲ್ಲೆಗೆ, ಆಚೆಯದು ಪಡುವಣ ಜಿಲ್ಲೆಗೆ. ನಮ್ಮ ಮನೆ ಈಚೆ, ನನ್ನ ಶಾಲೆ ಆಚೆ. ಆಚೆಯ ಜಿಲ್ಲೆಯಿಂದ ಹೊಸದಾಗಿ ಬಂದ ಹೆಡ್‌ಮಾಸ್ತರರು ಎಂಟನೆಯ ತರಗತಿಗೆ ಸೇರಿಸಿಕೊಳ್ಳುವಾಗ ಯಾವ ತಾಲ್ಲೂಕಿನವನೋ ಎಂದು ಕೇಳಿದರು. ನಾನು ಉಸಿರು ಬಿಟ್ಟೆ. ಮತ್ತೆ ಕೇಳಿದರು, ಮತ್ತೆ ಬಿಟ್ಟೆ. ದೊಡ್ಡವರ ಮುಂದೆ ಹೀಗೆ ಉಸಿರು ಬಿಡುವುದು ಕೊಬ್ಬು ಎಂದು ಹೊರಗೆ ನಿಲ್ಲಿಸಿದರು. ಇನ್ನೂ ಹೊರಗೇ ಇದ್ದೇನೆ. ಈಗ ಬಸ್‌ ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಫಕೀರಪ್ಪ ಅಂತ ನನ್ನ ಹೆಸರು. ಅದನ್ನು ಯಾವ ಗೆಜೆಟ್ಟೂ ಮುಟ್ಟಿಲ್ಲ, ಮುಟ್ಟಲು ಯೋಗ್ಯವೆಂದು ಯಾರಿಗೂ ಅನ್ನಿಸಿಲ್ಲ.

ಹೆಸರು ಹೋದ ಹೊಸತರಲ್ಲಿ ಗಂಡಸರ ಪಾಡು ನೋಡಬೇಕಿತ್ತು. ಬಸ್ಸಿನಲ್ಲಿ ಟಿಕೆಟ್ ಕೇಳಲಾಗದೆ ಕಂಡಕ್ಟರನ ಮುಖದ ಮೇಲೆ ಉಸಿರು ಬಿಟ್ಟು ಬೈಸಿಕೊಂಡವರು ಎಷ್ಟೋ ಜನ. ಹೊರಗಿನ ದೊಡ್ಡಾಸ್ಪತ್ರೆಗೆ ಕಾಲು ಮುರಿದುಕೊಂಡು ಹೋದವರನ್ನು ಊರು ಯಾವುದೆಂದು ಕೇಳಿ, ಬಂದ ಉತ್ತರ ನೋಡಿ, ದಮ್ಮಿನ ವಾರ್ಡಿನಲ್ಲಿ ಮಲಗಿಸಿದ್ದಾರೆ. ಹೆಂಗಸರಿಗೆ ಮಾತ್ರ ಏನೂ ಆಗಲಿಲ್ಲ. ಗಂಡನ ಹೆಸರು ಹೇಳಬಾರದೆಂದು ತಲೆತಲಾಂತರದಿಂದ ಹೆಸರಿನ ಸುತ್ತ ನಡೆದು ಅವರಿಗೆ ಅಭ್ಯಾಸ. ಗಂಡನ ಹೆಸರು ಸೋಮಪ್ಪ ಎಂದಾದರೆ ಸೋಮವಾರಕ್ಕೆ ಆದಿತವಾರದ ಮರುದಿನ ಎನ್ನುವವರು ಅವರು. ಹಿಟ್ಟಿನ ಗಿರಣಿಯ ಕೊಟ್ರವ್ವತ್ತಿ ಗಿರಣಿಯ ಕಟ್ಟೆಯ ಮೇಲೆ ಕೂತು, ಹಿಟ್ಟು ಬೀಸಿಸಲು ಬಂದ ಗಂಡಸರಿಗೆಲ್ಲ ಪಾಠ ಹೇಳಿದಳು. ಊರಿಗೆ ಟಿಕೆಟ್ ಕೇಳಬೇಕಾದರೆ ಮುರಿದ ಕಮಾನಿನ ಸ್ಟಾಪು ಎನ್ನಬೇಕು, ಗೆಳೆಯನನ್ನು ಕರೆಯಬೇಕಾದರೆ ಅವನ ಮಗಳ ಹೆಸರು ಹಿಡಿದು ಇಂಥವಳ ಅಪ್ಪಾ ಎನ್ನಬೇಕು, ಮದುವೆಯೇ ಆಗದವನಾದರೆ ಅವನ ಕಸುಬು ಹಿಡಿಯಬೇಕು. ಹೆಂಗಸರ ಬಳಿ ಇಂಥ ವಿದ್ಯೆ ಇತ್ತೆಂದು ಗಂಡಸರಿಗೆ ಆಗ ತಿಳಿಯಿತು. ತಿಳಿದದ್ದಕ್ಕೆ ಏನು ಮಾಡಿದರು? ಹಿಟ್ಟು ಹೊತ್ತುಕೊಂಡು ಮನೆಗೆ ಹೋದರು.

ಆದರೆ ಸರ್ಕಾರ ಪೂರಾ ನಿರ್ದಯಿಯಲ್ಲ. ತಾಲ್ಲೂಕು ಹೋದರೂ ವಿಧಾನಸಭಾ ಕ್ಷೇತ್ರಕ್ಕೆ ಹಳೆಯ ಹೆಸರನ್ನೇ ಉಳಿಸಿದ್ದರು, ಪಟ್ಟಿಯಿಂದ ತೆಗೆಯಲು ಮರೆತಿದ್ದರು ಎಂದರೂ ಸರಿ. ಕ್ಷೇತ್ರ ಎಂಬುದಕ್ಕೆ ಜೀವ ಬರುವುದು ಚುನಾವಣೆಯಲ್ಲಿ ಮಾತ್ರ ಎಂದು ನಿಮಗೂ ಗೊತ್ತು. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದ ಗಳಿಗೆ ನಮ್ಮ ಬಾಯಿ ಬಿಡುಗಡೆಯಾಗುತ್ತಿತ್ತು. ಮತ ಎಣಿಕೆ ಮುಗಿದ ಸಂಜೆ ಮತ್ತೆ ಬೀಗ. ಆ ಒಂದೂವರೆ ತಿಂಗಳು ಊರಲ್ಲಿ ಎಂಥ ಗದ್ದಲ ಅಂತೀರಿ. ತಾಯಂದಿರು ಮಕ್ಕಳನ್ನು ಸುಮ್ಮಸುಮ್ಮನೆ ಕೂಗುತ್ತಿದ್ದರು. ನಮ್ಮ ಶಾಸಕರು ಅಂದಾನಪ್ಪ ಸಾಹುಕಾರರು ನನ್ನದೇ ಮೈಕಿನಲ್ಲಿ ನಾನು ——ದ ಮಗ, ——ದ ಮಣ್ಣಿನ ಋಣ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಎಣಿಕೆಯ ಮರುದಿನದಿಂದ ಅವರಿಗೂ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಇದರಲ್ಲಿ ಮಾತ್ರ ಅವರೂ ನಾವೂ ಸಮ.

ಅಜ್ಜನ ಹೆಸರಿಟ್ಟುಕೊಂಡವರ ಮದುವೆಗಳೆಲ್ಲ ಆ ಒಂದೂವರೆ ತಿಂಗಳಲ್ಲೇ ಆಗಬೇಕು. ಯಾಕೆಂದರೆ ನಮ್ಮಲ್ಲಿ ಒಂದು ಶಾಸ್ತ್ರವಿದೆ. ಮದುಮಗಳು ಗಂಡನ ಮನೆಯ ಹೊಸ್ತಿಲಲ್ಲಿ ನಿಂತು ಒಡಪು ಕಟ್ಟಿ, ಪ್ರಾಸಕ್ಕೆ ಕೂಡಿಸಿ ಗಂಡನ ಹೆಸರು ಹೇಳಬೇಕು. ಅದೊಂದೇ ಸಲ. ಆಮೇಲೆ ಸಾಯುವ ತನಕ ಹೇಳುವಂತಿಲ್ಲ. ಗಂಡನ ಹೆಸರು ——ಪ್ಪ ಎಂದಿದ್ದರೆ, ಚುನಾವಣಾ ಆಯೋಗ ದಿನಾಂಕ ಕೊಡುವ ತನಕ ಹೊಸ್ತಿಲಾಚೆಯೇ ಕಾಯಬೇಕು. ನಮ್ಮ ಅಯ್ಯನವರು ಪಂಚಾಂಗ ಬಿಟ್ಟು ಪೇಪರಿನಲ್ಲಿ ಆಯೋಗದ ಸುದ್ದಿ ಓದಿ ಮುಹೂರ್ತ ಇಡುವುದನ್ನು ಕಲಿತರು.

ಹೇಳದಿದ್ದರೆ ಏನಾಗುತ್ತದೆ ಎಂದು ಕೇಳಬೇಡಿ. ಕೊಟ್ರವ್ವತ್ತಿಯ ದೊಡ್ಡ ಮಗ ದೊಡ್ಡ ——ಪ್ಪನ ಮದುವೆಯಲ್ಲಿ ಹಾಗೇ ಆಗಿತ್ತು. ಅವನಿಗೆ ತಡೆಯಲಾಗಲಿಲ್ಲ, ಚುನಾವಣೆ ಇಲ್ಲದ ವರ್ಷ ಹೊರಗಿನ ಊರಿನ ಹುಡುಗಿಯನ್ನು ಕಟ್ಟಿಕೊಂಡು ಬಂದ. ಅವಳು ಹೊಸ್ತಿಲಲ್ಲಿ ಉಸಿರು ಬಿಟ್ಟು ಒಳಗೆ ನಡೆದಳು. ಅಕ್ಕಿಯ ಹೊಸ ಚೀಲ ಮುಗಿಯುವ ಮೊದಲೇ ತವರಿಗೆ ಹೋಗಿ ಕುಳಿತಳು. ಪಂಚರು ಕೇಳಿದಾಗ ಅವಳು ಅಂದದ್ದು ಇಷ್ಟು: ನಾನು ಯಾರ ಹೆಸರೂ ಹೇಳಿಲ್ಲ, ಯಾರ ಹೆಂಡತಿಯೂ ಅಲ್ಲ. ಪಂಚರು ಟವೆಲ್ಲು ಜಾಡಿಸಿಕೊಂಡು ಎದ್ದರು. ಆ ದಿನದಿಂದ ಕೊಟ್ರವ್ವತ್ತಿ ಒಂದು ಮಾತು ಹಿಡಿದಳು. ಸಣ್ಣ ಮಗನ ಹೆಂಡತಿ ಹೆಸರು ಹೇಳಿಯೇ ಒಳಗೆ ಬರಬೇಕು, ತನ್ನ ಕಿವಿಗೆ ಕೇಳಬೇಕು, ಇಲ್ಲವಾದರೆ ಬರುವುದೇ ಬೇಡ.

ಆ ಸಣ್ಣ ಮಗನಿಗೆ ನಮ್ಮ ಶಾವಂತ್ರಿಯನ್ನು ಕೊಡುವುದಾಗಿತ್ತು. ಶಾವಂತ್ರಿ ನನ್ನ ತಂಗಿ. ಜೋಳ ಬೀಸಿಸಲು ಹೋಗಿ ಹೋಗಿ ಆದದ್ದು ಅದು. ಮೊದಮೊದಲು ಎರಡು ದಿನಕ್ಕೊಮ್ಮೆ ಹೋಗುತ್ತಿದ್ದಳು, ಆಮೇಲೆ ನಮ್ಮ ಮನೆಯಲ್ಲಿ ಜೋಳ ಉಳಿಯುವುದೇ ನಿಂತುಹೋಯಿತು. ಸಣ್ಣ ——ಪ್ಪ ಕೆಟ್ಟವನಲ್ಲ. ರೆಪ್ಪೆಯ ಮೇಲೆಲ್ಲ ಹಿಟ್ಟು, ಬಾಯಿಯಲ್ಲಿ ಮಾತಿಲ್ಲ. ಕೇಳಿದ್ದಕ್ಕೆ ತಲೆ ಆಡಿಸಿದರೆ ಹಿಟ್ಟು ಉದುರುತ್ತದೆ, ಅದೇ ಉತ್ತರ. ಎರಡು ವರ್ಷ ಚುನಾವಣೆಗಾಗಿ ಕಾದರು. ಆ ಬೇಸಿಗೆ ಚುನಾವಣೆ ಇದೆ ಎಂದು ಖಚಿತವಾಗಿ ಅಯ್ಯನವರು ಮುಹೂರ್ತ ಇಟ್ಟರು, ನಮ್ಮವ್ವ ಶಾವಿಗೆ ಹೊಸೆದಳು, ನಾನು ಮೈಕ್‌ಸೆಟ್ಟಿನ ಎಲ್ಲ ಹಾರ್ನುಗಳಿಗೂ ಹೊಸ ಬಣ್ಣ ಬಳಿದೆ.

ಘೋಷಣೆಯ ದಿನ ಇಡೀ ಊರು ಖಾದರ್‌ಸಾಬರ ಚಹಾದಂಗಡಿಯ ಟಿವಿ ಮುಂದೆ ಸೇರಿತ್ತು. ಖಾದರ್‌ಸಾಬರು ಮೊಮ್ಮಗ ——ಸಾಬನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಹುಟ್ಟಿ ಎರಡು ವರ್ಷವಾಗಿತ್ತು, ಒಮ್ಮೆಯೂ ಹೆಸರು ಹಿಡಿದು ಕರೆಸಿಕೊಂಡಿರಲಿಲ್ಲ. ಆಯೋಗದವರು ತಾರೀಕು ಓದಿದರು. ನೀತಿ ಸಂಹಿತೆ ಈ ಕ್ಷಣದಿಂದ ಜಾರಿ ಎಂದರು. ಖಾದರ್‌ಸಾಬರು ಮೊಮ್ಮಗನ ಮುಖ ತಿರುಗಿಸಿಕೊಂಡು ಬಾಯಿ ತೆರೆದರು. ಉಸಿರು. ಅವರು ಗಂಟಲು ಸರಿ ಮಾಡಿಕೊಂಡರು, ಒಂದು ಗುಟುಕು ನೀರು ಕುಡಿದರು, ಮತ್ತೆ ತೆರೆದರು. ಉಸಿರು. ಆಗ ಒಬ್ಬೊಬ್ಬರೇ ತೆರೆಯತೊಡಗಿದರು. ಬೆಂಚು, ಕಟ್ಟೆ, ಬೀದಿ ತುಂಬ ಜನ ಬಾಯಿ ತೆರೆದುಕೊಂಡು ನಿಂತಿದ್ದಾರೆ, ಸದ್ದೇ ಇಲ್ಲ. ಮಗು ಮಾತ್ರ ಇದೇನೋ ಆಟವೆಂದು ನಗುತ್ತಿತ್ತು.

ಆಮೇಲೆ ಗೊತ್ತಾಯಿತು. ಹಿಂದಿನ ವಾರವೇ ಕ್ಷೇತ್ರ ಪುನರ್‌ವಿಂಗಡಣೆಯ ಆದೇಶ ಹೊರಬಿದ್ದಿತ್ತು. ನಮ್ಮ ಕ್ಷೇತ್ರವನ್ನು ಸಿಗಿದು ಈ ಹೋಳು ಅವರಿಗೆ, ಆ ಹೋಳು ಇವರಿಗೆ ಹಂಚಿದ್ದರು. ಮೇಜಿನ ಮೇಲೆ ನಕಾಶೆ ಹಾಸಿ ಗೆರೆ ಎಳೆಯುವಾಗ ಮರೆತಿದ್ದು ನೆನಪಾಗಿರಬೇಕು. ಹೊಸ ಕ್ಷೇತ್ರದ ಹೆಸರು ಮೂಡಣ ಮಧ್ಯ. ಆಚೆಯವರದು ಪಡುವಣ ಹೊರವಲಯ. ಹುಟ್ಟಿದ ಮಗುವಿಗೆ ಮೂಡಣಮಧ್ಯಪ್ಪ ಎಂದು ಹೆಸರಿಡುವ ಧೈರ್ಯ ಯಾರಿಗಿದೆಯೋ ನೋಡಬೇಕು. ನಮ್ಮ ಅಜ್ಜನ ಹೆಸರು ಈಗ ಯಾವ ಪಟ್ಟಿಯಲ್ಲೂ ಇಲ್ಲ. ಇನ್ನು ಬಿಡುಗಡೆಯ ಕಾಲ ಎಂಬುದೂ ಇಲ್ಲ.

ಮೊದಲು ನಾನು ಮಾಡಿದ ಕೆಲಸ ಹಳೆಯ ಪ್ರಚಾರದ ಕ್ಯಾಸೆಟ್ ಹುಡುಕಿದ್ದು. ಹೇಳಲು ಬಾರದಿದ್ದರೆ ಹೋಗಲಿ, ಹೇಳಿಟ್ಟದ್ದು ಇದೆಯಲ್ಲ ಎಂಬ ಜಾಣತನ. ಹಾಕಿದರೆ ಸಾಹುಕಾರರ ದನಿ ಬಂತು: ಬಂಧುಗಳೇ, ನಾನು, ಸುರ್ ಎಂಬ ಸದ್ದು, ಮಗ. ಸುರ್ ಸದ್ದು ಬಂದ ಕಡೆ ಹೆಸರಿತ್ತು. ಸುಳ್ಳುಗಳೆಲ್ಲ ಮಾತ್ರ ಒಂದಕ್ಷರ ಹೋಗದೆ ಸ್ವಚ್ಛವಾಗಿ ಉಳಿದಿದ್ದವು.

ಅಲ್ಲಿಂದ ನೆಟ್ಟಗೆ ಸಾಹುಕಾರರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಕೂತು ಹೊಸ ಕರಪತ್ರ ನೋಡುತ್ತಿದ್ದರು. ಮೂಡಣ ಮಧ್ಯದ ಹೆಮ್ಮೆಯ ಪುತ್ರ ಎಂದು ಅಚ್ಚಾಗಿತ್ತು. ವಿಷಯ ಹೇಳಿದೆ. ಒಂದೇ ಒಂದು ದಿನ, ಮದುವೆಯ ದಿನ, ಹೆಸರು ಬಿಡಿಸಿಕೊಡಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಧೋತರದ ತುದಿಯಲ್ಲಿ ಒರೆಸಿಕೊಂಡರು.

"ತಮ್ಮಾ, ನಿನಗ ಹೆಸರು ಬೇಕೋ, ರಸ್ತೆ ಬೇಕೋ? ಎಲ್ಡೂ ಒಮ್ಮಿಗೇ ಕೇಳಿದ್ರ ಸರ್ಕಾರ ಎಲ್ಲಿಂದ ತರಬೇಕು?"

"ರಸ್ತೆ ಎಲ್ಲೈತ್ರಿ ಸಾಹುಕಾರ್ರ?"

"ಬರತೈತಿ. ಹೆಸರು ಹೋತಲ್ಲ, ಇನ್ನ ರಸ್ತೆ ಬರತೈತಿ."

ಆಮೇಲೆ ದೊಡ್ಡ ಮನಸ್ಸು ಮಾಡಿ ಒಂದು ದಾರಿಯನ್ನೂ ತೋರಿಸಿದರು. ವರನೇ ಕೋರ್ಟಿಗೆ ಹೋಗಿ ಅಫಿಡವಿಟ್ ಮಾಡಿಸಿ ಹೆಸರು ಬದಲಿಸಿಕೊಳ್ಳಲಿ, ರಾಜಕುಮಾರ ಅಂತಲೋ ಸಂತೋಷ ಅಂತಲೋ ಇಟ್ಟುಕೊಳ್ಳಲಿ, ಖರ್ಚು ತಮ್ಮದು. ಆ ಮನೆಯ ಒಳಗಿನಿಂದ ಆಗ ಅವರ ತಾಯಿ ಕೆಮ್ಮಿದ ಸದ್ದು ಬಂತು. ಅವರ ಹೆಸರೂ ——ವ್ವ. ನಿಮ್ಮ ತಾಯಿಗೂ ಒಂದು ಅಫಿಡವಿಟ್ ಮಾಡಿಸಿಬಿಡಿ ಎಂದು ಹೇಳಿ ಬಂದೆ. ಪ್ರಚಾರಕ್ಕೆ ಮೈಕು ಬೇರೆಯವರದು ತರಿಸಿದರಂತೆ. ತರಿಸಲಿ.

ಕೊಟ್ರವ್ವತ್ತಿ ಸಂಜೆ ನಮ್ಮ ಮನೆಗೆ ತಾನೇ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ಕುಳಿತಳು. ನಮ್ಮವ್ವ ಕೊಟ್ಟ ನೀರು ಕುಡಿದು ತಂಬಿಗೆ ಕೆಳಗಿಟ್ಟು, ಮದುವೆ ಮುಂದಕ್ಕೆ ಹಾಕೋಣ ಎಂದಳು. ಎಲ್ಲಿಯ ತನಕ ಎಂದು ಅವ್ವ ಕೇಳಿದಳು. ಅವಳು ಖಾಲಿ ತಂಬಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ನಾನು ರೇಗಿದೆ. ನಿನ್ನ ಮೊದಲ ಸೊಸೆ ಹೋಗಿದ್ದು ಹೆಸರು ಹೇಳದ್ದಕ್ಕಲ್ಲ, ನಿನ್ನ ದೊಡ್ಡ ಮಗ ಕುಡಿದು ಬಂದು ಗಿರಣಿಯಲ್ಲೇ ಮಲಗುತ್ತಿದ್ದುದಕ್ಕೆ ಎಂದು ಮುಖದ ಮೇಲೆ ಹೇಳಿಬಿಟ್ಟೆ.

"ಅದೂ ಖರೇನ ಐತಪ್ಪ," ಎಂದಳು ಅವಳು ಸಾವಕಾಶ. "ಆದರ ಹೆಸರು ಹೇಳಿದ್ದಿದ್ರ, ಅವನ ಕೊರಳಪಟ್ಟಿ ಹಿಡಿದು ಕೇಳಾಕ ಆಕಿಗೊಂದು ಹಕ್ಕು ಇರತಿತ್ತು. ಹೇಳಲಿಲ್ಲ. ಕೇಳಲಿಲ್ಲ. ಹೋದ್ಲು. ನಿನ್ನ ತಂಗಿಗೆ ಆ ಹಕ್ಕು ಇಲ್ಲದಂಗ ನನ್ನ ಮನಿಯೊಳಗ ಕರಕೋ ಅಂತೀಯೇನು?"

ಅಷ್ಟು ಹೊತ್ತು ಒಲೆಯ ಮುಂದೆ ಕೂತಿದ್ದ ಶಾವಂತ್ರಿ ಕೈ ಒರೆಸಿಕೊಂಡು ಎದ್ದು ಬಂದಳು. ಮದುವೆ ನಿಲ್ಲುವುದಿಲ್ಲ, ಹೊಸ್ತಿಲಲ್ಲಿ ನಿಂತು ನಾನು ಹೆಸರು ಹೇಳುತ್ತೇನೆ, ಕೇಳಿಸದಿದ್ದರೆ ಹಿಂದಿರುಗಿ ಬರುತ್ತೇನೆ ಎಂದಳು. ಹೊಸ್ತಿಲಿನಿಂದ ಹಿಂದಿರುಗಿದ ಹುಡುಗಿಯನ್ನು ನಮ್ಮ ಊರಲ್ಲಿ ಮತ್ತೆ ಯಾರೂ ಕೇಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೊಟ್ರವ್ವತ್ತಿ ಆಗಲಿ ಎಂದು ಎದ್ದು ಹೋದಳು.

"ಅಣ್ಣಾ, ನೀ ಮೈಕ್ ಕಟ್ಟಬೇಕು," ಎಂದಳು ಶಾವಂತ್ರಿ.

"ಏನ್ ಕೇಳಿಸಾಕ? ಉಸರು ಕೇಳಿಸಾಕ?"

"ಹೂಂ. ಉಸರನ."

ನನಗೆ ಅವಳ ತಲೆ ಕೆಟ್ಟಿದೆ ಅನ್ನಿಸಿತು. ಇರುವ ಅವಮಾನ ಸಾಲದೆಂದು ಅದನ್ನು ನಾಲ್ಕು ಹಾರ್ನಿನಲ್ಲಿ ಊರಿಗೆಲ್ಲ ಹಂಚುವುದು. ಮೇಲಾಗಿ ನೀತಿ ಸಂಹಿತೆ. ಮೈಕಿಗೆ ಪರವಾನಗಿ ಬೇಕು, ಪರವಾನಗಿಯ ಅರ್ಜಿಯಲ್ಲಿ ವರನ ಹೆಸರು ಬೇಕು. ಬರೆದೆ, ಗುಮಾಸ್ತನ ಕೈಗೆ ಹೋಗುವಷ್ಟರಲ್ಲಿ ಆ ಜಾಗ ಖಾಲಿ. ಅಪೂರ್ಣ ಅರ್ಜಿ ಎಂದು ಅವನು ವಾಪಸು ಕೊಟ್ಟ. ಅವನ ತಪ್ಪಲ್ಲ, ಅವನ ಅಪ್ಪನ ಹೆಸರೂ ಅದೇ. ಪರವಾನಗಿ ಇಲ್ಲದೆಯೇ ಕಟ್ಟಿದೆ. ಹಾರ್ನುಗಳನ್ನು ಗಿರಣಿಯ ತಗಡಿನ ಮೇಲೆ, ಬೀದಿಯ ಎರಡೂ ಕಡೆಗೆ ಮುಖ ಮಾಡಿ.

ಮದುವೆ ಬೆಳಿಗ್ಗೆ ನಮ್ಮ ಓಣಿಯಲ್ಲೇ ಆಯಿತು. ಊಟ ಮುಗಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ಮದುಮಕ್ಕಳನ್ನು ಗಿರಣಿಯ ಮನೆಗೆ ಕರೆತಂದರು. ಬೀದಿ ತುಂಬಿತ್ತು. ಗಂಡಸರು ಏನಾಗುತ್ತದೋ ನೋಡೋಣವೆಂದು ಬಂದಿದ್ದರು, ಹೆಂಗಸರು ಬೇರೆ ಏನಕ್ಕೋ ಬಂದ ಹಾಗಿತ್ತು. ಕೊಟ್ರವ್ವತ್ತಿ ಆರತಿಯ ತಟ್ಟೆ ಹಿಡಿದು ಹೊಸ್ತಿಲಿನ ಒಳಗೆ ನಿಂತಳು. ಹೊರಗೆ ಶಾವಂತ್ರಿ, ಪಕ್ಕದಲ್ಲಿ ಸಣ್ಣ ——ಪ್ಪ. ಅವನನ್ನು ತೊಳೆದು ತಂದಿದ್ದರೂ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ನಾನು ಮೈಕು ಅವಳ ಬಾಯಿಗೆ ಹಿಡಿದೆ.

"ಹೆಸರ ಹೇಳವಾ," ಎಂದಳು ಕೊಟ್ರವ್ವತ್ತಿ.

ಶಾವಂತ್ರಿ ಸೆರಗು ಸರಿಮಾಡಿಕೊಂಡಳು. ಅವಳದೇ ಕಟ್ಟಿನ ಒಡಪು, ಯಾವ ಅಜ್ಜಿಯಿಂದಲೂ ಕಲಿತದ್ದಲ್ಲ.

"ಹತ್ತೂರ ಜೋಳ ಬೀಸಿ ಹಿಟ್ಟು ಮಾಡೋರು,
ಸುತ್ತೂರ ಮಂದಿಗೆಲ್ಲ ರೊಟ್ಟಿ ಕೊಡೋರು,
ಮತ್ತೊಂದೂರು ಬ್ಯಾಡಂತ ನನ್ನ ಕೈಯ ಹಿಡಿದೋರು,
——ಪ್ಪನೋರು."

ಹಾರ್ನುಗಳಿಂದ ಉಸಿರು ಬಂತು. ಬೀದಿಯ ಈ ತುದಿಯಿಂದ ಆ ತುದಿಗೆ, ತೆರೆದ ಚೀಲದೊಳಗೆ ಗಾಳಿ ಹೊಕ್ಕ ಹಾಗೆ. ಆದರೆ ಏನೋ ಆಯಿತು. ಮೊದಲಿನ ಮೂರು ಸಾಲು ಮೂರು ಮೆಟ್ಟಿಲು. ಹತ್ತೂರ, ಸುತ್ತೂರ, ಮತ್ತೊಂದೂರು ಎಂದು ಹತ್ತಿ ಬಂದ ಕಿವಿಗೆ ನಾಲ್ಕನೆಯ ಮೆಟ್ಟಿಲು ಎಲ್ಲಿದೆ, ಎಷ್ಟು ಎತ್ತರ, ಯಾವ ಅಕ್ಷರದ ಮೇಲೆ ಕಾಲಿಡಬೇಕು ಎಲ್ಲವೂ ಮೊದಲೇ ಗೊತ್ತಾಗಿಬಿಟ್ಟಿತ್ತು. ಮೆಟ್ಟಿಲು ಇರಲಿಲ್ಲ. ಕಾಲು ಮಾತ್ರ ನಿಂತಿತು. ನಾನು ಸುತ್ತ ನೋಡಿದೆ. ಬೀದಿಯ ಹೆಂಗಸರೆಲ್ಲರ ತುಟಿಗಳು ಒಟ್ಟಿಗೆ ಅಲುಗಿದ್ದವು. ತಮ್ಮ ತಮ್ಮ ಹೊಸ್ತಿಲಲ್ಲಿ ಒಮ್ಮೆ ಹೇಳಿ, ಆಮೇಲೆ ಜೀವಮಾನವಿಡೀ ನುಂಗಿಕೊಂಡು ಬಂದವರ ತುಟಿ. ನಮ್ಮವ್ವನ ತುಟಿ ಕೂಡ. ನಮ್ಮಪ್ಪನ ಹೆಸರು ಬೇರೆಯೇ ಆಗಿತ್ತು, ಆದರೂ.

ಕೊಟ್ರವ್ವತ್ತಿ ಅಲ್ಲಾಡಲಿಲ್ಲ. "ಇನ್ನೊಮ್ಮೆ ಹೇಳು," ಎಂದಳು. ಹೊಸ್ತಿಲು ದಾಟುವ ತನಕ ಎಲ್ಲ ಒಂದೇ ಸಲದ ಲೆಕ್ಕ.

ಶಾವಂತ್ರಿ ಇನ್ನೊಮ್ಮೆ ಹೇಳಿದಳು. ಈ ಸಲ ಮೊದಲ ಸಾಲಿಗೇ ಹೆಂಗಸರು ದನಿಗೂಡಿಸಿದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಇಡೀ ಬೀದಿ ಒಂದು ಉಸಿರಾಗಿತ್ತು. ಸಣ್ಣ ——ಪ್ಪ, ಎಂದೂ ಬಾಯಿ ಬಿಡದವನು, ಯಾರೋ ತನ್ನನ್ನು ಕೂಗಿದರೆಂದು ತಟ್ಟನೆ ತಲೆ ಎತ್ತಿ "ಓ" ಎಂದುಬಿಟ್ಟ.

ಕೊಟ್ರವ್ವತ್ತಿಯ ತಟ್ಟೆಯಲ್ಲಿ ದೀಪ ಅಲುಗಿತು. ಅವಳು ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಕೇಳಿಸ್ತವಾ," ಎಂದಳು. "ಒಳಗ ಬಾ." ಶಾವಂತ್ರಿ ಹೊಸ್ತಿಲ ಮೇಲಿಟ್ಟಿದ್ದ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದಳು. ಅಕ್ಕಿ ಒಳಮನೆಯ ತನಕ ಚೆಲ್ಲಿತು.

ಚುನಾವಣೆಯ ಜೀಪು ಬಂದದ್ದು ಆಮೇಲೆ. ರದ್ದಾದ ಕ್ಷೇತ್ರದ ಹೆಸರನ್ನು ಧ್ವನಿವರ್ಧಕದಲ್ಲಿ ಸಾರಿ ಮತದಾರರ ಮೇಲೆ ಪ್ರಭಾವ ಬೀರಿದ್ದಾರೆ ಎಂದು ಯಾರೋ ಫೋನು ಮಾಡಿದ್ದರಂತೆ. ಯಾರೆಂದು ನನಗೆ ಗೊತ್ತು, ಅಫಿಡವಿಟ್ ಮಾಡಿಸುವವರೇ. ಹೊರಗಿನಿಂದ ಬಂದ ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಯಾವ ಹೆಸರು ಹೇಳಿದಿರಿ ಎಂದು ಕೇಳಿದರು. ಯಾವ ಹೆಸರೂ ಹೇಳಿಲ್ಲ ಎಂದೆ. ಫೋನು ಮಾಡಿದವರು ಕೇಳಿಸಿತು ಎಂದಿದ್ದಾರೆ ಎಂದರು. ಹಾಗಾದರೆ ಏನು ಕೇಳಿಸಿತೆಂದು ಅವರನ್ನೇ ಕೇಳಿ ಎಂದೆ. ಅಧಿಕಾರಿ ತಾವೇ ಬರೆದುಕೊಳ್ಳಲು ಹೋದರು. ಬರೆದರು, ನೋಡಿದರು, ಮತ್ತೆ ಬರೆದರು. ಪೆನ್ನು ಜಾಡಿಸಿದರು. ಪಕ್ಕದ ಪೇದೆ ಇನ್ನೊಂದು ಪೆನ್ನು ಕೊಟ್ಟ. ಕೊನೆಗೆ ಪರವಾನಗಿ ಇಲ್ಲದೆ ಉಸಿರು ಬಿಟ್ಟ ಬಗ್ಗೆ ಎಂದು ಬರೆದು ನನ್ನ ಹಾರ್ನುಗಳನ್ನು ಕಿತ್ತುಕೊಂಡು ಹೋದರು. ಈ ದೇಶದಲ್ಲಿ ಅಂಥದ್ದೊಂದು ಕೇಸು ನನ್ನ ಮೇಲೆ ಇದೆ. ಮೂಡಣ ಮಧ್ಯಕ್ಕೆ ಕೀರ್ತಿ.

ಹಾರ್ನು ಇನ್ನೂ ಬಂದಿಲ್ಲ. ಸಾಹುಕಾರರು ಗೆದ್ದರು, ರಸ್ತೆ ಬರುತ್ತಿದೆ. ಖಾದರ್‌ಸಾಬರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತೂರ, ಸುತ್ತೂರ ಎಂದು ತೂಗುತ್ತಾರೆ. ನಾಲ್ಕನೆಯ ಸಾಲಿಗೆ ಅವನು "ಓ" ಎನ್ನುತ್ತಾನೆ.

ನಿನ್ನೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಶಾವಂತ್ರಿ ಒಳಗಿನಿಂದ, ರೀ, ನಮ್ಮಣ್ಣ ಬಂದಾನ ನೋಡ್ರಿ ಎಂದು ಗಂಡನನ್ನು ಕರೆದಳು. ಅಷ್ಟೇ. ಅವಳ ಪಾಲಿನ ಒಂದು ಸಲ ಅವಳು ಹೇಳಿಯಾಗಿದೆ, ಇನ್ನು ಸರ್ಕಾರ ಹೆಸರನ್ನು ತಟ್ಟೆಯಲ್ಲಿಟ್ಟು ತಂದುಕೊಟ್ಟರೂ ಅವಳಿಗೆ ಬೇಕಾಗಿಲ್ಲ. ನನ್ನ ಪಾಲಿನದು ಇನ್ನೂ ಗಂಟಲಲ್ಲೇ ಇದೆ. ಯಾವ ತಾಲ್ಲೂಕಿನವನೋ ಎಂದು ಕೇಳಿ ಹೊರಗೆ ನಿಲ್ಲಿಸಿದವರಿಗೆ ಹೇಳಬೇಕಾದದ್ದು. ಹಿಟ್ಟಿನ ಡಬ್ಬಿ ಹೊತ್ತುಕೊಂಡು ಗಟಾರ ದಾಟುವಾಗಲೆಲ್ಲ ಒಂದೊಂದು ಸಾಲು ಕಟ್ಟುತ್ತಿದ್ದೇನೆ. ಪ್ರಾಸ ಕೂಡಿದ ದಿನ ಆ ಶಾಲೆಯ ಹೊಸ್ತಿಲಲ್ಲಿ ನಿಂತು ಹೇಳುತ್ತೇನೆ, ಮೈಕಿಲ್ಲದೆಯೇ.